ನಂದನ ಸಂವತ್ಸರದ ಕಲ್ಲು

ಇತಿಹಾಸದ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಓಡುವುದು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ. 'ವಿಜಯನಗರ ಸಾಮ್ರಾಜ್ಯ' ಅಂತ ಕೇಳಿದರೆ ಸಾಕು, ಹತ್ತು ಪುಟ ಬಣ್ಣದ ಮುಖಪುಟದ ಜೊತೆ ಸ್ಪೈರಲ್ ಬೈಂಡಾಗಿ ಕೈಗೆ ಬರುತ್ತದೆ. ಮಕ್ಕಳು ಓದಿರುವುದಿಲ್ಲ, ನನಗೂ ಓದಬೇಕು ಅನ್ನಿಸುವುದಿಲ್ಲ. ಅದಕ್ಕೇ ಈ ಸಲ ವಿಷಯ ನಾನೇ ಕೊಟ್ಟೆ: ನಿಮ್ಮೂರಿನ ಒಂದು ಕಲ್ಲು. ಶಿಕಾರಿಪುರ ತಾಲ್ಲೂಕಿನಲ್ಲಿ ಮೇಷ್ಟ್ರಾಗಿರುವುದರ ಲಾಭ ಇದು. ಬಳ್ಳಿಗಾವಿ, ತಾಳಗುಂದದವರೆಗೆ ಹೋಗಬೇಕಾಗಿಯೇ ಇಲ್ಲ, ಕೆರೆ ಏರಿ ಮೇಲೋ ಗುಡಿ ಹಿಂದೋ ಒಂದು ವೀರಗಲ್ಲು ಸಿಕ್ಕೇ ಸಿಗುತ್ತದೆ.

ಒಂದು ತಂಡದ ಕಲ್ಲು ಈಶ್ವರನ ಗುಡಿ ಹಿಂದೆ ಲಂಟಾನ ಪೊದೆಯಲ್ಲಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿಡಿದವನ ಕಾಳಗ, ಅಂಚಿನಲ್ಲಿ ಸಾಲಾಗಿ ದನ. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗ, ಕೈಮುಗಿದು ಕೂತ ಅದೇ ವೀರ, ಸೂರ್ಯ-ಚಂದ್ರ. ಬರಹವಿದ್ದದ್ದು ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ. ಹಗಲಲ್ಲಿ ಏನೂ ಕಾಣಲಿಲ್ಲ. ಮುಸ್ಸಂಜೆ ಮೊಬೈಲ್ ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ಹೆಚ್ಚುಕಮ್ಮಿ ತಾಗಿಸಿಯೇ ಹಿಡಿಯಿರಿ ಅಂದೆ. ಗೀರುಗಳೊಳಗೆ ನೆರಳು ಬಿದ್ದು 'ಸ್ವಸ್ತಿ' ಎದ್ದು ಬಂತು. ಒಬ್ಬ ಹುಡುಗ ತಂತಿ ಬ್ರಷ್ ತಂದಿದ್ದ, ಅದನ್ನು ಬ್ಯಾಗಿಗೆ ವಾಪಸ್ ಹಾಕಿಸಿದೆ. ಒಂದು ಬಾಟ್ಲಿ ನೀರು, ಹಳೇ ಬಟ್ಟೆ ಇದ್ದರೆ ಸಾಕು.

ಮುಂದಿನದು ಈ ಸೀಮೆಯ ಶಾಸನಗಳನ್ನೆಲ್ಲ ಸೇರಿಸಿ ಬಿ.ಎಲ್. ರೈಸ್ ಅವರು ಹೊರತಂದ ಸಂಪುಟಗಳು, ಎಪಿಗ್ರಾಫಿಯಾ ಕರ್ನಾಟಿಕಾ. ನಮ್ಮ ತಾಲ್ಲೂಕು ಇರುವುದು 1902ರಲ್ಲಿ ಬಂದ ಏಳನೇ ಸಂಪುಟದಲ್ಲಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಕನ್ನಡ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಎರಡೂ ಒಂದೇ ಸಂಪುಟದಲ್ಲಿವೆ. ಆದರೆ ಹುಡುಕು ಪೆಟ್ಟಿಗೆಗೆ ಊರಿನ ಹೆಸರು ಹಾಕಿ ಏನೂ ಸಿಗಲಿಲ್ಲ ಅಂತ ಮಕ್ಕಳು ಕೈಚೆಲ್ಲುತ್ತಾರೆ. ಬಳ್ಳಿಗಾವಿಯೇ ಅಲ್ಲಿ 'ಬೆಳಗಾಮಿ' ಆಗಿರುವಾಗ ಇವರ ಊರು ಹೇಗೆ ತಾನೇ ಸಿಕ್ಕೀತು? ತಾಲ್ಲೂಕಿನ ಭಾಗವನ್ನು ಪುಟ ತಿರುವಿಯೇ ನೋಡಬೇಕು. ನೋಡಿದರು, ಸಿಕ್ಕಿತು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಕಾಲದ ಲೆಕ್ಕ. ಶಾಸನದಲ್ಲಿ ವಿಕ್ರಮ ವರ್ಷ 37, ನಂದನ ಸಂವತ್ಸರ ಎಂದಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಅಂತ ಪಾಠದಲ್ಲಿ ಹೇಳಿದ್ದೆನಲ್ಲ, ತಂಡದ ಹುಡುಗಿ ಇಲ್ಲೂ ಕೂಡಿಸಿ "ಕ್ರಿ.ಶ. 115 ಸರ್" ಅಂದಳು. "ಆಗಿನ್ನೂ ಮಯೂರಶರ್ಮನೇ ಹುಟ್ಟಿರಲಿಲ್ಲವಲ್ಲಮ್ಮ" ಅಂದೆ. ಚಾಲುಕ್ಯರ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದಾಗ ಶಕ ವರ್ಷ ಬದಿಗಿಟ್ಟು 1076ರಿಂದ ತನ್ನದೇ ಲೆಕ್ಕ ಶುರುಮಾಡಿದ. ಅದನ್ನು ಒಂದು ಅಂತ ಎಣಿಸಿದರೆ 37 ಬೀಳುವುದು 1112ಕ್ಕೆ. ನನ್ನ ಮಾತನ್ನೇ ನಂಬಬೇಡಿ, ಸಂವತ್ಸರ ಹಿಡಿದು ತಾಳೆ ನೋಡಿ ಅಂದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಈಚಿನ ನಂದನ ಯಾವಾಗ ಬಂದಿತ್ತು? ಮರುದಿನ ಹುಡುಗಿ ತನ್ನ ಜಾತಕವನ್ನೇ ಹಿಡಿದುಕೊಂಡು ಬಂದಳು. ಅವಳು ಹುಟ್ಟಿದ್ದೇ ನಂದನದಲ್ಲಿ, 2012ರಲ್ಲಿ. ಅಲ್ಲಿಂದ ಹದಿನೈದು ಸಲ ಅರವತ್ತು ಕಳೆದರೆ ಸರಿಯಾಗಿ 1112. ಕಪ್ಪುಹಲಗೆ ಮೇಲೆ ಕಳೆದು ತೋರಿಸಿದ್ದೂ ಅವಳೇ.

ಇಷ್ಟಾದ ಮೇಲೆ ಒಂದು ಜಗಳ. ಒಬ್ಬ ಹುಡುಗನ ಅಜ್ಜಿ, "ಅವ ಹುಲಿ ಜೊತೆ ಹೊಡೆದಾಡಿ ಸತ್ತವ" ಅಂದಿದ್ದರಂತೆ. ಕಲ್ಲಿನಲ್ಲಿ ಹುಲಿ ಇಲ್ಲ. ಇರುವುದು ತುರುಗೊಳ್, ದನ ಹೊಡೆದುಕೊಂಡು ಹೋದವರ ಜೊತೆಗಿನ ಕಾಳಗ. ಅಜ್ಜಿ ಮಾತು ಬಿಟ್ಟುಬಿಡೋಣ ಅಂತ ಉಳಿದವರು. ಬಿಡುವುದಕ್ಕೆ ನಾನು ಒಪ್ಪಲಿಲ್ಲ. ಅಜ್ಜಿ ಹೆಸರು, ವಯಸ್ಸು, ಹೇಳಿದ ದಿನ ಹಾಕಿ ಬೇರೆ ಪುಟದಲ್ಲಿ ಬರೆಸಿದೆ. ಊರವರು ಅವನನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಅನ್ನುವುದಕ್ಕೆ ಅಜ್ಜಿಯೇ ಆಕರ. ರೈಸ್ ಸಾಹೇಬರ ಸಂಪುಟದಲ್ಲಿ ಅದು ಸಿಗುವುದಿಲ್ಲ.

ಇನ್ನೊಂದು ತಂಡದ ಪಾಲಿಗೆ ಬಂದ ಕಲ್ಲಿನಲ್ಲಿ ಒಂದಕ್ಷರವೂ ಇಲ್ಲ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಮ್ಯೂಸಿಯಂನಲ್ಲಿರುವ ವೀರಗಲ್ಲುಗಳ ಪಕ್ಕ ಅದರ ಫೋಟೋ ಇಟ್ಟು ಉಡುಪು, ಆಯುಧ, ಕೆತ್ತನೆ ಹೋಲಿಸಬೇಕು. ಬಸ್ ಚಾರ್ಜಿಗೆ ಹೆಡ್‌ಮಾಸ್ಟರ್ ಇನ್ನೂ ಹೂಂ ಅಂದಿಲ್ಲ.