ಸ್ಲ್ಯಾಬ್‌ಗೆ ಹಿಂದಿನ ಸಂಜೆ ಕಾಣದೇ ಹೋದ ಎರಡು ಫ್ಯಾನ್

ಕಳೆದ ಗುರುವಾರ ಸಂಜೆ ಆರಕ್ಕೆ ಸೈಟ್‌ನಿಂದ ಎಲೆಕ್ಟ್ರಿಷಿಯನ್ ಫೋನ್ ಮಾಡಿದರು. "ಮೇಡಂ, ಹಿಂದಿನ ಎರಡು ಕೋಣೆಗೆ ಫ್ಯಾನ್ ಬೇಡವೇ? ಡ್ರಾಯಿಂಗ್‌ನಲ್ಲಿ ತೋರಿಸಿಲ್ಲ." ಮರುದಿನ ಬೆಳಗ್ಗೆ ಕಾಂಕ್ರೀಟ್. ಕಂಬಿ ಕಟ್ಟಿ ಮುಗಿದಿತ್ತು, ಪೈಪ್ ಎಳೆಯುತ್ತಿದ್ದರು. ಅವರು ಕೇಳದಿದ್ದರೆ ಫ್ಯಾನ್ ತೂಗುಹಾಕುವ ಬಾಕ್ಸ್ ಇಲ್ಲದೆಯೇ ತಾರಸಿಗೆ ಕಾಂಕ್ರೀಟ್ ಬಿದ್ದುಬಿಡುತ್ತಿತ್ತು. ಆಮೇಲೆ ಗಟ್ಟಿಯಾದ ಸ್ಲ್ಯಾಬ್ ಕೊರೆಯಬೇಕು. ಎದೆ ಧಸಕ್ಕೆಂದಿತು.

ಫ್ಯಾನ್‌ಗಳನ್ನು ನಾನೇ ಇಟ್ಟಿದ್ದೆ, ಇ-ಫ್ಯಾನ್ ಎಂಬ ಲೇಯರ್‌ನಲ್ಲಿ. ಲೇಯರ್ ಎಂದರೆ ಡ್ರಾಯಿಂಗ್‌ನ ಒಂದೊಂದು ಬಗೆಯ ಗೆರೆಗಳನ್ನು ಬೇರೆಯಾಗಿಡುವ ಪದರ. ಮೈಸೂರಿನ ಈ ಮನೆಯ ಫೈಲ್‌ನಲ್ಲಿ 140ಕ್ಕೂ ಹೆಚ್ಚು ಲೇಯರ್‌ಗಳಿವೆ. ಅವುಗಳಲ್ಲಿ ಬೇಕಾದದ್ದನ್ನು ಒಂದೊಂದಾಗಿ ಹುಡುಕುವುದು ಆಗದ ಮಾತು. ಅದಕ್ಕೆ ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ನ ಲೇಯರ್ ಪಟ್ಟಿಯಲ್ಲಿ (ಲೇಯರ್ ಪ್ರಾಪರ್ಟೀಸ್ ಮ್ಯಾನೇಜರ್), ಹೆಸರು, ಬಣ್ಣದಂಥ ಗುಣ ನೋಡಿ ಲೇಯರ್ ಆರಿಸುವ ಒಂದು ಪ್ರಾಪರ್ಟಿ ಫಿಲ್ಟರ್ ಮಾಡಿಕೊಂಡಿದ್ದೇನೆ: ಮೊದಲ ಸಾಲಿನಲ್ಲಿ ಹೆಸರು "ಇ-*", ಅಂದರೆ "ಇ-" ಎಂದು ಶುರುವಾಗುವ ವಿದ್ಯುತ್ತಿನ ಲೇಯರ್‌ಗಳೆಲ್ಲ; ಎರಡನೆಯದರಲ್ಲಿ ಗೋಡೆಗಳ "ಎ-ವಾಲ್*". ಬೇರೆ ಬೇರೆ ಸಾಲುಗಳಿಗೆ "ಇದು ಅಥವಾ ಅದು" ಎಂಬ ಅರ್ಥ; ಒಂದೇ ಸಾಲಿನಲ್ಲಿ ಹೆಸರು, ಬಣ್ಣ ಎರಡನ್ನೂ ಕೊಟ್ಟರೆ ಎರಡೂ ಹೊಂದಬೇಕು. ಮುಂದೆ ಯಾರಾದರೂ ಇ-ಸ್ವಿಚ್ ಎಂಬ ಹೊಸ ಲೇಯರ್ ಮಾಡಿದರೂ ಅದು ತಾನಾಗಿ ಈ ಫಿಲ್ಟರ್‌ಗೆ ಸೇರಿಕೊಳ್ಳುತ್ತದೆ. ಗ್ರೂಪ್ ಫಿಲ್ಟರ್‌ನಲ್ಲಿ ಹಾಗಾಗದು, ನಾವೇ ಎಳೆದು ಹಾಕಬೇಕು. ಇ-ಲೈಟ್ ಅನ್ನು ಕರೆಂಟ್ ಲೇಯರ್ (ಆ ಹೊತ್ತಿಗೆ ಬಳಕೆಯಲ್ಲಿರುವ ಲೇಯರ್) ಮಾಡಿ, ಫಿಲ್ಟರ್‌ಗೆ ಸೇರದ ಲೇಯರ್‌ಗಳನ್ನು ತೋರಿಸುವ ಇನ್ವರ್ಟ್ ಗುರುತು ಹಾಕಿ, ಅವೆಲ್ಲವನ್ನೂ ಫ್ರೀಜ್ ಮಾಡಿ, ಅಂದರೆ ಕಾಣದಂತೆ ಮಾಡಿ, ಪ್ರಿಂಟ್ ಕಳಿಸಿದ್ದೆ.

ಫೋನಿಟ್ಟು ಪಟ್ಟಿ ನೋಡಿದರೆ ಇ-ಫ್ಯಾನ್ ತೆರೆದೇ ಇದೆ. ಹಾಗಾದರೆ ಎರಡು ಫ್ಯಾನ್ ಎಲ್ಲಿ?

ಕಾರಣ ಬ್ಲಾಕ್‌ನ ಒಳಗಿತ್ತು. ಬ್ಲಾಕ್ ಎಂದರೆ ಹಲವು ಗೆರೆ ಸೇರಿಸಿ ಒಮ್ಮೆ ಮಾಡಿಟ್ಟು, ಬೇಕಾದಲ್ಲೆಲ್ಲ ಇಡುವ ಚಿತ್ರ. ಆ ಎರಡು ಕೋಣೆಗಳು ಆಮೇಲೆ ಸೇರಿದವು. ಅವಸರದಲ್ಲಿ ಹಳೆಯ ಡ್ರಾಯಿಂಗ್ ಒಂದರಿಂದ ಫ್ಯಾನ್ ಬ್ಲಾಕ್ ತಂದು ಇಟ್ಟಿದ್ದೆ. ಅದರ ಗೆರೆಗಳನ್ನು ಯಾರೋ "ಲೇಯರ್7"ರಲ್ಲಿ ಎಳೆದಿದ್ದರು. ಬ್ಲಾಕ್‌ನೊಳಗಿನ ಗೆರೆ ಸೊನ್ನೆ ಲೇಯರ್‌ನಲ್ಲಿದ್ದರೆ ಮಾತ್ರ ನಾವು ಇಟ್ಟ ಲೇಯರ್‌ನ ಸ್ವಭಾವ ಪಡೆಯುತ್ತದೆ. ಬೇರೆ ಲೇಯರ್‌ನಲ್ಲಿದ್ದರೆ ಅಲ್ಲೇ ಉಳಿಯುತ್ತದೆ. ಲೇಯರ್7 ನನ್ನ ಫಿಲ್ಟರ್‌ಗೆ ಹೊಂದುವ ಹೆಸರಲ್ಲ. ಫ್ರೀಜ್ ಆಯಿತು, ಫ್ಯಾನ್ ಮಾಯವಾಯಿತು. ಬ್ಲಾಕ್ ತೆರೆದು ಗೆರೆಗಳನ್ನು ಸೊನ್ನೆಗೆ ಬದಲಿಸಿದ ಕೂಡಲೇ ಎರಡೂ ಕಾಣಿಸಿಕೊಂಡವು.

ಆ ರಾತ್ರಿ ನಮ್ಮ ಬ್ಲಾಕ್‌ಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ವಾಶ್ ಬೇಸಿನ್ ಮತ್ತು ಒಂದು ಬಾಗಿಲಿನಲ್ಲೂ ಇದೇ ದೋಷವಿತ್ತು.

ಹೊರಗಿನಿಂದ ಬಂದ ಫೈಲ್ ಆದರೆ ಈಗ ಮೊದಲು ಆಟೋಕ್ಯಾಡ್‌ನ ಲೇವಾಕ್ ಎಂಬ ಆಜ್ಞೆ ಓಡಿಸುತ್ತೇನೆ. ಒಂದೊಂದೇ ಲೇಯರ್ ಆರಿಸಿದಾಗ ಅದರಲ್ಲಿರುವುದು ಮಾತ್ರ ಪರದೆಯಲ್ಲಿ ಉಳಿಯುತ್ತದೆ. "ಲೇಯರ್7" ತರಹದ ಅರ್ಥವಿಲ್ಲದ ಹೆಸರಿನ ಲೇಯರ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ. ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿಗೆ ಇನ್ನೊಂದನ್ನೂ ತೋರಿಸಿದೆ: ಫ್ರೀಜ್ ಮಾಡದೆ ಬರೀ ಆಫ್ ಮಾಡಿದ ಲೇಯರ್ ಕಣ್ಣಿಗೆ ಮಾತ್ರ ಮರೆ. ಅಳಿಸುವಾಗ "ಆಲ್" ಎಂದು ಕೊಟ್ಟರೆ ಅದೂ ಅಳಿಸಿಹೋಗುತ್ತದೆ. ಫ್ರೀಜ್ ಆದದ್ದು ಉಳಿಯುತ್ತದೆ. ಅವಳು ಖಾಲಿ ಫೈಲ್‌ನಲ್ಲಿ ಎರಡು ವೃತ್ತ ಬರೆದು ತಾನೇ ಪರೀಕ್ಷಿಸಿದಳು.

ತಿದ್ದಿದ ಹಾಳೆ ಏಳೂವರೆಗೆ ಸೈಟ್ ತಲುಪಿತು. ಎಲೆಕ್ಟ್ರಿಷಿಯನ್ ಟಾರ್ಚ್ ಹಿಡಿದು ಕಂಬಿಗಳ ನಡುವೆ ಎರಡು ಬಾಕ್ಸ್ ಕೂರಿಸಿ, ಫೋಟೊ ಕಳಿಸಿದರು.