ಬ್ಯಾಚ್ ಫೈಲಿಗೆ ಕೀ ಒತ್ತಿದ್ದು ತಿಳಿಯಂಗ ಹೆಂಗ ಮಾಡದು? ತಗೋರಿ ಉತ್ತರ

ಕಲಬುರಗಿಯೊಳಗ ಅಂಗಡಿ, ಮಿಲ್ಲುಗಳ ಕಂಪ್ಯೂಟರ್ ನೋಡ್ಕೊಳ್ಳದು ನನ್ನ ಕೆಲಸ. ಗಂಜ್‌ನಾಗಿನ ಅಡತಿಯವ್ರು, ದಾಲ್ ಮಿಲ್ಲಿನ ಮುನೀಮರು, ಕಾಲೇಜ್ ಹುಡುಗ್ರು, ಎಲ್ಲಾರೂ ಕೇಳದು ಒಂದೇ: "ಸರ್, ಬ್ಯಾಚ್ ಫೈಲ್ ಓಡುವಾಗ ನಾ ಒಂದ್ ಕೀ ಒತ್ತಿದ್ರ ಅದಕ್ಕ ತಿಳಿಯಂಗ ಮಾಡ್ರಿ, ಸಣ್ಣ ಕೆಲಸ ಅದ." ಫೋನಿನ್ಯಾಗ ಸ್ಲ್ಯಾಶು ಪರ್ಸೆಂಟು ಬಾಯಿಂದ ಹೇಳಿ ಹೇಳಿ ಸಾಕಾಗ್ಯದ, ಅದಕ್ಕ ಬರದೀನಿ.

ಮೊದಲ ಆ "ಸಣ್ಣ ಕೆಲಸ" ಅನ್ನದು ಬಿಡ್ರಿ. ಬ್ಯಾಚ್ ಫೈಲ್ ಅಂದ್ರ ವಿಂಡೋಸ್ ಕಂಪ್ಯೂಟರಿಗೆ ಕೊಡೋ ಕಮಾಂಡುಗಳನ್ನ ಸಾಲಾಗಿ ಬರದಿಟ್ಟ ಫೈಲ್. ಅದು ಒಂದು ಸಾಲು ಮುಗಿದ ಮ್ಯಾಲೇ ಮುಂದಿನ ಸಾಲಿಗೆ ಹೋಗ್ತದ, ಫೈಲ್ ಕಾಪಿ ಆಗ್ಲಿಕತ್ತಾಗ ಕಂಟ್ರೋಲ್-ಸಿ ಬಿಟ್ರ ನೀವು ಏನ್ ಒತ್ತಿದ್ರೂ ಅದು ಕೇಳಂಗಿಲ್ಲ. ಎಲ್ಲಿ ನಿಂತು ಕೇಳ್ಬೇಕು ಅಂಬದು ನಾವೇ ಬರೀಬೇಕು. ಪಾಜ್ ಅನ್ನೋ ಕಮಾಂಡ್ ಹಾಕಿದ್ರ ಯಾವುದೋ ಕೀ ಒತ್ತೋತನ ನಿಲ್ತದ, ಯಾವ ಕೀ ಅಂತ ಹೇಳಂಗಿಲ್ಲ. ಸೆಟ್ ಸ್ಲ್ಯಾಶ್ ಪಿ ಅನ್ನೋ ಕಮಾಂಡ್ ಹಾಕಿದ್ರ ಉತ್ತರ ಟೈಪ್ ಮಾಡಿ ಎಂಟರ್ ಹೊಡೀಬೇಕು, ಮತ್ತ ಇದರಾಗ ಒಂದು ದೊಡ್ಡ ಗುಂಡಿ ಅದ.

ಒಂದು ದಾಲ್ ಮಿಲ್ಲಿನ್ಯಾಗ ಮಾರ್ಚ್ ಎಂಡಿಂಗ್ ಟೈಮಿಗೆ ಕರದ್ರು, ಹಳೇ ಬ್ಯಾಕಪ್ ಎಲ್ಲಾ ಹೋಗ್ಯದ ಅಂತ. ಯಾರೋ ವಿಂಡೋಸ್ ಎಕ್ಸ್‌ಪಿ ಕಾಲದಾಗ ಬರದಿಟ್ಟ ಫೈಲ್ ಅದು. ಮೊದಲ "ಬ್ಯಾಕಪ್ ಶುರು ಮಾಡ್ಲಾ?" ಅಂತ ಕೇಳ್ತದ, ಮುನೀಮರು ವೈ ಹೊಡದಾರ. ಆಮ್ಯಾಲ "ಹಳೇದು ಅಳಸ್ಲಾ?" ಅಂತ ಕೇಳ್ಯದ, ಬ್ಯಾಡ ಅಂತ ಅವರು ಬರೇ ಎಂಟರ್ ಹೊಡದಾರ. ಬರೇ ಎಂಟರ್ ಹೊಡದ್ರ ಸೆಟ್ ಸ್ಲ್ಯಾಶ್ ಪಿ ವೇರಿಯಬಲ್‌ನ (ಉತ್ತರ ಇಟ್ಕೊಳ್ಳೋ ಡಬ್ಬಿ ಇದ್ದಂಗ) ಮುಟ್ಟಂಗೇ ಇಲ್ಲ, ಎರಡು ಪ್ರಶ್ನೆಗೂ ಒಂದೇ ವೇರಿಯಬಲ್ ಇತ್ತು, ಅದರಾಗ ಹಿಂದಿನ ವೈ ಹಂಗೇ ಕುಂತಿತ್ತು, ಎಲ್ಲಾ ಅಳಿಸಿಬಿಡ್ತು. ಅಲ್ಲಿ ಎಲ್ಲಾರೂ ಮುನೀಮರಿಗೇ ಬೈಲಿಕತ್ತಿದ್ರು. ಅವರದು ಏನೂ ತಪ್ಪಿರಲಿಲ್ಲ, ಬೈಬೇಕಾಗಿದ್ದು ಆ ಫೈಲ್ ಬರದವನಿಗೆ!

ಒಂದೇ ಕೀ ಬೇಕಂದ್ರ ಚಾಯ್ಸ್ ಕಮಾಂಡ್ ಬಳಸ್ರಿ. 1993ರ ಎಂಎಸ್-ಡಾಸ್ 6 ಅನ್ನೋ ಮೈಕ್ರೋಸಾಫ್ಟಿನ ಹಳೇ ಸಿಸ್ಟಮ್‌ನಾಗ ಬಂದಿದ್ದು, ಎಕ್ಸ್‌ಪಿಯೊಳಗ ಇರಲಿಲ್ಲ, ಆಮ್ಯಾಲಿನ ವಿಂಡೋಸ್ ವಿಸ್ಟಾದಿಂದ ತಿರುಗಿ ಬಂತು, ಅದಕ್ಕೇ ಎಕ್ಸ್‌ಪಿ ಕಾಲದ ಫೈಲುಗಳ ತುಂಬಾ ಸೆಟ್ ಸ್ಲ್ಯಾಶ್ ಪಿ ಕಾಣ್ತದ. ಸ್ಲ್ಯಾಶ್ ಸಿ ಮುಂದ ವೈ, ಎನ್ ಅಂತ ಕೊಟ್ರ ಆ ಎರಡೇ ಕೀ ತಗೋತದ, ಬ್ಯಾರೇದು ಒತ್ತಿದ್ರ ಬೀಪ್ ಅಂತದ, ಎಂಟರ್ ಬೇಕಾಗಿಲ್ಲ. ಉತ್ತರ ಎರರ್‌ಲೆವೆಲ್ ಅನ್ನೋ ನಂಬರಿನ್ಯಾಗ ಬರ್ತದ, ವೈಗೆ 1, ಎನ್‌ಗೆ 2. "ಇಫ್ ಎರರ್‌ಲೆವೆಲ್ 1" ಅಂದ್ರ ಒಂದು ಅಥವಾ ಅದಕ್ಕಿಂತ ಹೆಚ್ಚು ಅಂತ ಅರ್ಥ, ಹಿಂಗಾಗಿ 2 ಮೊದಲ ನೋಡ್ರಿ, 1 ಆಮ್ಯಾಲ. ಉಲ್ಟಾ ಬರದ್ರ ಎನ್ ಒತ್ತಿದವ್ರೂ ವೈ ದಾರಿಗೇ ಹೋಗ್ತಾರ.

ಇಷ್ಟು ಹೇಳಿದ ಮ್ಯಾಲ ನಾ ಕೇಳದು, ಯಾರೂ ಏನೂ ಒತ್ತಲಿಲ್ಲಂದ್ರ ಏನಾಗ್ಬೇಕು? ಇದನ್ನ ಒಬ್ಬರೂ ಕೇಳಂಗಿಲ್ರಿ. ಮುನೀಮರು ಚಾ ಕುಡೀಲಿಕ್ಕ ಹೋಗಿರ್ತಾರ, ತೂಕಕ್ಕ ಗಾಡಿ ಬಂದಿರ್ತದ, ಸ್ಕ್ರೀನಿನ ಮುಂದ ಯಾರೂ ಇರಂಗಿಲ್ಲ. ಚಾಯ್ಸ್‌ನಾಗ ಇದಕ್ಕೂ ದಾರಿ ಅದ, ಸ್ಲ್ಯಾಶ್ ಟಿ ಮುಂದ ಎಷ್ಟು ಸೆಕೆಂಡ್ ಕಾಯ್ಬೇಕು, ಸ್ಲ್ಯಾಶ್ ಡಿ ಮುಂದ ಟೈಮ್ ಮುಗದ್ರ ಯಾವ ಕೀ ಅಂತ ತಿಳೀಬೇಕು. ಟಿ ಹಾಕಿದ್ರ ಡಿ ಹಾಕಲೇಬೇಕು, ಇಲ್ಲಂದ್ರ ಎರರ್ ಕೊಡ್ತದ. ಆ ಮಿಲ್ಲಿನ್ಯಾಗ ಈಗ ಬ್ಯಾಕಪ್ ಪ್ರಶ್ನೆಗೆ ಡಿಫಾಲ್ಟ್ ವೈ ಇಟ್ಟೀನಿ, ಅಳಸೋ ಪ್ರಶ್ನೆಗೆ ಎನ್. ಹಳೇ ಬ್ಯಾಕಪ್ ಡಿಸ್ಕಿನ್ಯಾಗ ಇನ್ನಷ್ಟು ದಿನ ಕುಂತ್ರ ಯಾರಿಗೂ ಲುಕ್ಸಾನ ಇಲ್ಲ, ಹೋದ್ರ ವರ್ಷದ ಲೆಕ್ಕ ಹೋಗ್ತದ.

ಇನ್ನ ಆ್ಯರೋ ಕೀ, ಎಫ್-ಒಂದು ಎಫ್-ಎರಡು ಬೇಕು ಅನ್ನೋ ಹುಡುಗ್ರಿಗೆ: ಅವು ಚಾಯ್ಸ್‌ಗೆ ತಿಳಿಯಂಗಿಲ್ಲ, ವಿಂಡೋಸ್‌ನಾಗಿನ ಪವರ್‌ಶೆಲ್ ಅನ್ನೋ ಇನ್ನೊಂದು ಕಮಾಂಡ್ ಟೂಲಿನ್ಯಾಗ ರೀಡ್‌ಕೀ ಅಂತ ಅದ, ಅದನ್ನ ಕಲೀರಿ.