ಡೊಮೇನ್ ಗ್ರಾಹಕರ ಹೆಸರಿನಲ್ಲೇ ಇರಬೇಕು

ಶಿವಮೊಗ್ಗದಲ್ಲಿದ್ದುಕೊಂಡು ನಾನು ಜಾಲತಾಣ ಮಾಡಿಕೊಡುವುದು ಹೆಚ್ಚಾಗಿ ಸಣ್ಣ ವ್ಯವಹಾರಗಳಿಗೆ. ಸೀರೆ ಅಂಗಡಿ, ದಂತ ಚಿಕಿತ್ಸಾಲಯ, ತೀರ್ಥಹಳ್ಳಿ ಮತ್ತು ಸಾಗರದ ಕಡೆಯ ಹೋಂಸ್ಟೇ, ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕ, ಇಂಥವರೇ ನನ್ನ ಗ್ರಾಹಕರು. ಇವರೊಂದಿಗಿನ ಮೊದಲ ಮಾತುಕತೆಯಲ್ಲಿ ಬಣ್ಣ, ಫೋಟೊ, ಪುಟಗಳ ಸಂಖ್ಯೆ ಇವುಗಳ ವಿಚಾರಕ್ಕೆ ಹೋಗುವ ಮುಂಚೆ ನಾನು ಕೇಳುವುದು, ಡೊಮೇನ್, ಅಂದರೆ ಹಣ ಕೊಟ್ಟು ಇಂತಿಷ್ಟು ಅವಧಿಗೆ ನೋಂದಾಯಿಸುವ ಜಾಲತಾಣದ ವಿಳಾಸ, ಯಾರ ಹೆಸರಿನಲ್ಲಿದೆ ಮತ್ತು ಅದರ ಲಾಗಿನ್ ಯಾರ ಹತ್ತಿರ ಇದೆ ಎಂದು. ಈ ಪ್ರಶ್ನೆಗೆ ನೇರವಾದ ಉತ್ತರ ಸಿಗುವುದು ಅಪರೂಪ. ‘ಮೊದಲು ಮಾಡಿಕೊಟ್ಟ ಹುಡುಗನ ಹತ್ತಿರ ಇರಬೇಕು ಸರ್, ನಮಗದೆಲ್ಲ ಗೊತ್ತಾಗಲ್ಲ’ ಎನ್ನುತ್ತಾರೆ. ಸಣ್ಣ ಗ್ರಾಹಕರೊಂದಿಗೆ ಕೆಲಸ ಮಾಡುವ ವಿನ್ಯಾಸಗಾರರು ಬೇರೆ ಯಾವ ವಿಷಯಕ್ಕಿಂತ ಹೆಚ್ಚಾಗಿ ಈ ಒಂದು ಉತ್ತರದ ಬಗ್ಗೆ ಚಿಂತಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಲೆನಾಡಿನ ಒಂದು ಹೋಂಸ್ಟೇಯವರು ನನ್ನ ಬಳಿ ಬಂದಾಗ ಅವರ ತಾಣ ನಿಂತು ಬಹಳ ಕಾಲವಾಗಿತ್ತು. ಅದನ್ನು ಮಾಡಿಕೊಟ್ಟಿದ್ದ ವಿನ್ಯಾಸಗಾರ ಡೊಮೇನನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲ್ ಕೊಟ್ಟು ನೋಂದಾಯಿಸಿದ್ದ. ಆಮೇಲೆ ಬೇರೆ ಊರಿಗೆ ಹೋಗಿ ಬೇರೆ ಉದ್ಯೋಗ ಹಿಡಿದು, ಫೋನ್ ಸಂಖ್ಯೆಯನ್ನೂ ಬದಲಿಸಿಕೊಂಡಿದ್ದ. ಅವನಲ್ಲಿ ಕೆಟ್ಟ ಉದ್ದೇಶ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಆದರೆ ಡಾಟ್ ಕಾಮ್‌ನಂಥ ಹೆಸರುಗಳ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ, ಮತ್ತೆ ಸುಮಾರು ಒಂದು ವಾರ ಮುಂಚೆ, ಮುಗಿದ ಐದು ದಿನಗಳ ಒಳಗೆ ಇನ್ನೊಮ್ಮೆ ನೋಂದಣಿ ಕಂಪನಿಯು ಸೂಚನೆ ಕಳಿಸಬೇಕು ಎಂಬ, ಡೊಮೇನ್ ವ್ಯವಸ್ಥೆಯನ್ನು ಜಾಗತಿಕವಾಗಿ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದಿಂದ ಈ ಮನೆಯವರಿಗೆ ಯಾವ ಪ್ರಯೋಜನವೂ ಆಗಲಿಲ್ಲ. ಸೂಚನೆ ಹೋಗುವುದು ದಾಖಲೆಯಲ್ಲಿರುವ ಇಮೇಲಿಗೆ. ಕೋಣೆ ಕಾಯ್ದಿರಿಸುವ ಪತ್ರಗಳೂ ಅದೇ ಡೊಮೇನಿನ ವಿಳಾಸಕ್ಕೆ ಬರುತ್ತಿದ್ದುದರಿಂದ ತಾಣದ ಜೊತೆಗೆ ಅವೂ ನಿಂತುಹೋದವು. ಜೋಗಕ್ಕೆ ಜನ ಬರುವ ಮಳೆಗಾಲದಲ್ಲಿ ಯಾರೂ ಏಕೆ ಬರೆಯುತ್ತಿಲ್ಲ ಎಂದು ಅವರು ಕಾದು ಕುಳಿತಿದ್ದರು.

ಅವಧಿ ಮುಗಿದ ಕೂಡಲೇ ಹೆಸರು ಕೈತಪ್ಪುವುದಿಲ್ಲ. ಡಾಟ್ ಕಾಮ್ ಹೆಸರಾದರೆ ಸಾಮಾನ್ಯವಾಗಿ ನವೀಕರಣಕ್ಕೆ ಕೆಲವು ವಾರಗಳ ಕಾಲಾವಕಾಶ ಇರುತ್ತದೆ; ಅದಾದ ಮೇಲೆ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಏನೂ ಮಾಡಲಾಗದ 5 ದಿನ, ಅನಂತರ ಅದು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು. ಈ ಹೋಂಸ್ಟೇಯ ಹೆಸರನ್ನು ಅಷ್ಟರಲ್ಲಿ ಅಪರಿಚಿತರೊಬ್ಬರು ಕೊಂಡಾಗಿತ್ತು. ಇಂಥ ವಿವಾದಗಳಿಗೆ ಪಂಚಾಯ್ತಿ ವ್ಯವಸ್ಥೆ ಇದೆ. ಡಾಟ್ ಇನ್ ಹೆಸರುಗಳಿಗೆ ಅವುಗಳನ್ನು ನಿರ್ವಹಿಸುವ ನಿಕ್ಸಿ ಸಂಸ್ಥೆಯದೇ ಆದ ವಿವಾದ ಪರಿಹಾರ ನೀತಿ ಇದೆ. ಡಾಟ್ ಕಾಮ್ ಬಗ್ಗೆ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಗೆ ದೂರು ಕೊಟ್ಟರೆ ಒಬ್ಬ ಪಂಚರ ಮುಂದೆ ನಡೆಯುವ ವಿಚಾರಣೆಗೇ 1500 ಡಾಲರ್ ಶುಲ್ಕ. ಅಷ್ಟು ಹಣ ಹೊಂದಿಸಿದರೂ ದೂರುದಾರರಿಗೆ ಆ ಹೆಸರಿನ ಟ್ರೇಡ್‌ಮಾರ್ಕ್ ಹಕ್ಕು ಇದೆಯೆಂದೂ ಎದುರಾಳಿ ಅದನ್ನು ದುರುದ್ದೇಶದಿಂದ ಪಡೆದಿದ್ದಾರೆಂದೂ ತೋರಿಸಬೇಕು. ಐದು ಕೋಣೆಗಳ ಹೋಂಸ್ಟೇಗೆ ಇದು ಎಟುಕುವ ದಾರಿಯಲ್ಲ. ಹೊಸ ಹೆಸರು ಕೊಂಡು, ಕಾರ್ಡು, ಫಲಕ, ರಸೀದಿ ಪುಸ್ತಕ ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಬೇಕಾಯಿತು.

ಆದ್ದರಿಂದ ನಾನು ಹೊಸ ಡೊಮೇನನ್ನು ನನ್ನ ಖಾತೆಯಿಂದ ಕೊಳ್ಳುವುದೇ ಇಲ್ಲ. ಗ್ರಾಹಕರ ಅಂಗಡಿಗೇ ಹೋಗಿ, ಅವರ ಫೋನಿನಲ್ಲಿ, ಅವರ ಕಾರ್ಡಿನಿಂದ, ಅವರ ಹೆಸರಿಗೇ ನೋಂದಾಯಿಸುತ್ತೇನೆ. ‘ಇದೆಲ್ಲ ನಿಮ್ಮ ಹತ್ತಿರವೇ ಇರಲಿ ಬಿಡಿ ಸರ್’ ಎಂದು ಅವರು ಹೇಳಿದರೆ, ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೆ ಯಾರಾದರೂ ನಿವೇಶನದ ಖಾತೆ ಮಾಡಿಸುತ್ತಾರೆಯೇ ಎಂದು ಕೇಳುತ್ತೇನೆ. ವಿಷಯ ಒಡನೆಯೇ ಅರ್ಥವಾಗುತ್ತದೆ. ಈ ಕೆಲಸದಲ್ಲಿ ಕಷ್ಟ ಕೊಡುವುದು ತಂತ್ರಜ್ಞಾನವಲ್ಲ, ಇಮೇಲ್ ವಿಳಾಸ. ಯಜಮಾನರಿಗೆ ಸ್ವಂತ ಇಮೇಲ್ ಇರುವುದಿಲ್ಲ, ಇದ್ದರೂ ಫೋನ್ ಕೊಂಡ ದಿನ ಅಂಗಡಿಯವರು ತೆರೆದುಕೊಟ್ಟ ಅದರ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಕೆಲಸಕ್ಕಿರುವ ಹುಡುಗನ ಇಮೇಲ್ ಕೊಟ್ಟರೆ ಅವನು ಕೆಲಸ ಬಿಟ್ಟ ದಿನ ಮತ್ತದೇ ತೊಂದರೆ ಹೊಸ ರೂಪದಲ್ಲಿ ಬರುತ್ತದೆ. ಹಾಗಾಗಿ ವ್ಯವಹಾರಕ್ಕೆಂದೇ ಒಂದು ಇಮೇಲ್ ತೆರೆದು, ಅದರ ಮರುಪಡೆಯುವ ಸಂಖ್ಯೆಗಳಾಗಿ ಯಜಮಾನರದ್ದನ್ನೂ ಮನೆಯ ಇನ್ನೊಬ್ಬರದ್ದನ್ನೂ ಕೊಡಿಸುತ್ತೇನೆ. ಈ ಇಮೇಲ್ ಅದೇ ಡೊಮೇನಿನ ಮೇಲಿನ ವಿಳಾಸ ಆಗಿರಬಾರದು ಎಂಬುದನ್ನು ಹೊಸದಾಗಿ ಈ ವೃತ್ತಿಗೆ ಬಂದವರು ಮರೆಯುತ್ತಾರೆ. ಡೊಮೇನ್ ನಿಂತ ದಿನ ಆ ವಿಳಾಸವೂ ನಿಲ್ಲುತ್ತದೆ. ಪಾಸ್‌ವರ್ಡ್ ಬದಲಿಸುವ ಕೊಂಡಿ ತಲುಪಬೇಕಾದ ಪೆಟ್ಟಿಗೆಯೇ ಆಗ ಇರುವುದಿಲ್ಲ.

ಸ್ವಯಂ ನವೀಕರಣವನ್ನು ನಂಬಿ ಕುಳಿತುಕೊಳ್ಳುವಂತೆಯೂ ಇಲ್ಲ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಹಾರಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್ 1ರಿಂದ ಬಿಗಿಯಾದ ಮೇಲೆ, ಹೊರದೇಶದ ನೋಂದಣಿ ಕಂಪನಿಗಳಿಗೆ ನಮ್ಮ ಕಾರ್ಡುಗಳಿಂದ ಹಣ ಹೋಗದೆ ವಿಫಲವಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಯುಪಿಐ ಮೂಲಕ ಪಾವತಿ ಪಡೆಯುವ ಕಂಪನಿಯನ್ನು ಆರಿಸಿ, ಸಾಧ್ಯವಾದರೆ ಒಂದೇ ಸಲಕ್ಕೆ ಮೂರು ವರ್ಷಕ್ಕೆ ಕಟ್ಟಿಸುವುದು ಮೇಲು. ಮೊದಲ ವರ್ಷದ ರಿಯಾಯಿತಿ ದರಕ್ಕಿಂತ ನವೀಕರಣದ ದರ ಹೆಚ್ಚಿರುತ್ತದೆ ಎಂಬುದನ್ನೂ ಆಗಲೇ ಹೇಳಿಬಿಡಬೇಕು.

ಇಷ್ಟೆಲ್ಲ ಗ್ರಾಹಕರ ಕೈಗೆ ಕೊಟ್ಟರೆ ಬಾಕಿ ಹಣ ಬರುವುದಿಲ್ಲ ಎಂಬ ಭಯ ನಮ್ಮ ವೃತ್ತಿಯಲ್ಲಿ ವ್ಯಾಪಕವಾಗಿದೆ. ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳಲಾರೆ, ಏಕೆಂದರೆ ತಿಂಗಳುಗಟ್ಟಲೆ ‘ಮುಂದಿನ ವಾರ ನೋಡೋಣ’ ಎನ್ನುವ ಗ್ರಾಹಕರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ಡೊಮೇನನ್ನು ಒತ್ತೆ ಇಟ್ಟುಕೊಳ್ಳುವುದು ಅದಕ್ಕೆ ಉತ್ತರವಲ್ಲ. ಅದು ಅವರ ವ್ಯವಹಾರದ ಹೆಸರು, ನಮ್ಮ ಶ್ರಮದ ಫಲವಲ್ಲ. ನಮ್ಮ ಶ್ರಮ ಇರುವುದು ವಿನ್ಯಾಸದಲ್ಲಿ ಮತ್ತು ಕೋಡಿನಲ್ಲಿ. ನಾನು ಅರ್ಧ ಹಣವನ್ನು ಮುಂಗಡವಾಗಿ ಪಡೆದು, ನನ್ನದೇ ಪ್ರಾಯೋಗಿಕ ವಿಳಾಸದಲ್ಲಿ ತಾಣ ಕಟ್ಟಿ ತೋರಿಸಿ, ಒಪ್ಪಿಗೆಯಾಗಿ ಉಳಿದ ಹಣ ಬಂದ ಮೇಲೆ ಅದನ್ನು ಅವರ ಡೊಮೇನಿಗೆ ವರ್ಗಾಯಿಸುತ್ತೇನೆ. ನೌಕರನಲ್ಲದವನು ಬರೆದ ಕೋಡಿನ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಬರೆದವನದೇ. ಅದನ್ನು ಬಿಟ್ಟುಕೊಡುವುದಕ್ಕೆ ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದೂ ಕಾಯ್ದೆಯ 19ನೇ ಸೆಕ್ಷನ್ ಭಾವಿಸುತ್ತದೆ. ಆದ್ದರಿಂದ ಪೂರ್ತಿ ಹಣ ಸಂದಾಯವಾದ ದಿನದಿಂದ ಎಲ್ಲ ಕಾಲಕ್ಕೂ ಎಲ್ಲ ದೇಶಗಳಿಗೂ ಹಕ್ಕು ವರ್ಗಾವಣೆಯಾಗುತ್ತದೆ ಎಂದು ನನ್ನ ಒಂದು ಪುಟದ ಕರಾರಿನಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಹಣ ಬರುವವರೆಗೆ ನನಗೆ ರಕ್ಷಣೆ, ಬಂದ ಮೇಲೆ ಅವರಿಗೆ ರಕ್ಷಣೆ.

ಗೂಗಲ್ ನಕ್ಷೆಯಲ್ಲಿ ಕಾಣುವ ವ್ಯವಹಾರದ ಪ್ರೊಫೈಲಿಗೂ ಇದೇ ಮಾತು ಅನ್ವಯಿಸುತ್ತದೆ: ಗ್ರಾಹಕರು ಮಾಲೀಕರಾಗಿರಬೇಕು, ನಾವು ವ್ಯವಸ್ಥಾಪಕರಾಗಿ ಮಾತ್ರ ಸೇರಿಕೊಳ್ಳಬೇಕು.

ಹೆಸರು ಈಗಾಗಲೇ ಹಳೆಯ ವಿನ್ಯಾಸಗಾರರ ಖಾತೆಯಲ್ಲಿದ್ದು ಅವಧಿ ಇನ್ನೂ ಉಳಿದಿದ್ದರೆ, ಜಗಳಕ್ಕೆ ಹೋಗದೆ ಗ್ರಾಹಕರಿಂದಲೇ ಒಂದು ವಿನಯದ ಫೋನ್ ಮಾಡಿಸುವುದು ಒಳ್ಳೆಯದು. ಹೆಚ್ಚಿನವರು ಮಾತಿಗೆ ಒಪ್ಪುತ್ತಾರೆ. ಅದೇ ಕಂಪನಿಯೊಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವುದು ಸುಲಭ. ಬೇರೆ ಕಂಪನಿಗೆ ಒಯ್ಯಬೇಕಾದರೆ ಹೆಸರಿನ ಬೀಗ ತೆಗೆಸಿ ವರ್ಗಾವಣೆಯ ರಹಸ್ಯ ಸಂಕೇತ ಪಡೆಯಬೇಕು. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ದಾಖಲೆಯಲ್ಲಿರುವ ಮಾಲೀಕರು ಕೇಳಿದರೆ ನೋಂದಣಿ ಕಂಪನಿ ಐದು ದಿನಗಳೊಳಗೆ ಅದನ್ನು ಕೊಡಲೇಬೇಕು. ಹೊಸದಾಗಿ ನೋಂದಾಯಿಸಿದ ಅಥವಾ ಆಗಷ್ಟೇ ವರ್ಗಾಯಿಸಿದ ಹೆಸರಾದರೆ 60 ದಿನ ಕಾಯಬೇಕಾಗಬಹುದು, ಆದ್ದರಿಂದ ಅವಧಿ ಮುಗಿಯುವ ತಿಂಗಳಿನವರೆಗೆ ಈ ಕೆಲಸವನ್ನು ಮುಂದೂಡಬಾರದು. ವರ್ಗಾವಣೆಗೆ ಮೊದಲು ತಾಣವೂ ಇಮೇಲೂ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ, ಡೊಮೇನಿನ ಡಿಎನ್ಎಸ್ ದಾಖಲೆಗಳನ್ನು, ಅದರಲ್ಲೂ ಇಮೇಲಿಗೆ ಸಂಬಂಧಪಟ್ಟವನ್ನು, ಒಂದೂ ಬಿಡದೆ ಬರೆದಿಟ್ಟುಕೊಳ್ಳಿ. ಹಳೆಯ ಕಂಪನಿಯ ಸರ್ವರ್‌ನಲ್ಲಿದ್ದ ಆ ದಾಖಲೆಗಳು ಹೆಸರಿನ ಹಿಂದೆ ತಾವಾಗಿ ಬರುವುದಿಲ್ಲ, ತಾಣ ಸರಿಯಾಗಿ ತೆರೆದುಕೊಂಡರೂ ಅಂಗಡಿಗೆ ಬರಬೇಕಾದ ಪತ್ರಗಳು ನಿಂತಿರುತ್ತವೆ.